ಹಳೆಯ ಹೊಲಿಗೆಯ ಗೆರೆಗಳು

ಮಾರ್ಚ್ 3, ಸೋಮವಾರ

ಅಕ್ಷರ ಕೋಳಿ ಕೆದಕಿದ ಹಾಗಿದೆ. ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿಗೆ ನಿಂತ ಓದು. ಇದನ್ನು ಓದುವವರು ಯಾರೂ ಇಲ್ಲ. ಆದರೂ ಮೊದಲೇ ಕ್ಷಮೆ ಕೇಳಿಬಿಟ್ಟರೆ ಕೈ ಸಲೀಸಾಗಿ ಓಡುತ್ತದೆ.

ಇವತ್ತು ಅಳತೆಯ ದಿನ. ಆಸ್ಪತ್ರೆಯ ಹಿಂದಿನ ಕೋಣೆ — ಒಂದು ಗೋಡೆಗೆ ನನ್ನ ಹೊಲಿಗೆ ಮೆಷಿನ್ನು, ಎದುರು ಗೋಡೆಗೆ ಮಂಚ. ಸಿಸ್ಟರ್ ಟೇಪು ಸುತ್ತಿ ಅಮ್ಮನ ಎಡಗಾಲು ಅಳೆದರು. ಮೀನಖಂಡ ಮತ್ತೆ ಒಂದು ಬೆರಳಷ್ಟು ಇಳಿದಿದೆ. ಅಮ್ಮ ಮಾತ್ರ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ತನ್ನ ಕಾಲನ್ನು ತಾನು ನೋಡುವುದು ಬಿಟ್ಟು ವರ್ಷಗಳಾದವು. ಆನೆಕಾಲು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಪಾದ ಮುಚ್ಚುವ ಲಂಗ, ಬೇಸಿಗೆಯಲ್ಲೂ.

ಆಮೇಲೆ ನನ್ನ ಕೆಲಸ. ಎಳೆದರೆ ಹಿಗ್ಗುವ ಬಿಗಿ ಬಟ್ಟೆಯ ಉದ್ದನೆಯ ಚೀಲ. ಕಾಲಿಗೆ ಏರಿಸಿದರೆ ಒತ್ತಿ ಹಿಡಿಯುತ್ತದೆ, ಬಾವು ಇಳಿಯುತ್ತದೆ. ಡಾಕ್ಟರಮ್ಮ ಸ್ಟಾಕಿಂಗ್ ಎನ್ನುತ್ತಾರೆ, ಅಮ್ಮ ಚೀಲ ಎನ್ನುತ್ತಾಳೆ. ಅಂಗಡಿಯಲ್ಲಿ ಸಿಗುವವು ದುಬಾರಿ, ಇಂಥ ಕಾಲಿಗೆ ಹಿಡಿಸುವುದೂ ಇಲ್ಲ. ಅಳತೆಗೆ ಹೊಲಿದದ್ದು ಅಷ್ಟೇ ಕೆಲಸ ಮಾಡುತ್ತದೆಯೇ — ಅದು ಡಾಕ್ಟರಮ್ಮನ ಸಂಶೋಧನೆ. ಕಾಲು ಇಳಿದಷ್ಟು ಹಳೆಯ ಹೊಲಿಗೆ ಬಿಚ್ಚಿ, ಇನ್ನಷ್ಟು ಒಳಗೆ ಹೊಸದು ಹಾಕುತ್ತೇನೆ. ಹಳೆಯ ಸೂಜಿತೂತುಗಳು ಸಾಲಾಗಿ ಉಳಿದುಬಿಡುತ್ತವೆ. ಅಸಹ್ಯ. ಬಟ್ಟೆಯ ಬಣ್ಣದ್ದೇ ದಾರ ಹಾಕಿ ಆದಷ್ಟು ಮರೆಮಾಡುತ್ತೇನೆ.

ಮಾರ್ಚ್ 6, ಗುರುವಾರ

ಡಾಕ್ಟರಮ್ಮ ಬಂದು ಬಾಗಿಲು ಮುಂದೆ ಮಾಡಿದರು. ಚೀಲದ ಬಟ್ಟೆ ಇಷ್ಟು ದಿನ ಅವರ ಸಂಬಳದಲ್ಲೇ ಬರುತ್ತಿತ್ತಂತೆ. ಇನ್ನು ಅವರ ಕೈಲಿ ಆಗುವುದಿಲ್ಲ. ಸಂಶೋಧನೆಗೆ ಗ್ರ್ಯಾಂಟ್ ಕೊಡುವ ಸಂಸ್ಥೆಯೊಂದಿದೆ. ಹೋದ ವರ್ಷ ಅರ್ಜಿ ಹಾಕಿದ್ದರು, ವಾಪಸ್ ಬಂತು. ರೋಗಿಗಳ ಮಾತೇ ಇಲ್ಲವಲ್ಲ ಎಂದು ಬರೆದಿದ್ದರಂತೆ. ಈ ಸಲ ಮೊದಲ ಸುತ್ತು ದಾಟಿದೆ. ಮುಂದಿನ ಶುಕ್ರವಾರ ಕಮಿಟಿಯವರು ಕಂಪ್ಯೂಟರಿನಲ್ಲಿ ಬಂದು ಪ್ರಶ್ನೆ ಕೇಳುತ್ತಾರೆ. ಒಬ್ಬರಾದರೂ ರೋಗಿ ಕೂತು ಮಾತಾಡಬೇಕು.

ಗ್ರ್ಯಾಂಟ್ ಸಿಗದಿದ್ದರೆ ಮೇ ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕು. ಚೀಲ ನಿಂತರೆ ಕಾಲು ಮತ್ತೆ ಮೊದಲಿನ ಹಾಗೆ. ಒಬ್ಬರಿಗೆ ಹಾಗಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಅಮ್ಮ ನನ್ನ ಕಡೆ ಕೈ ಮಾಡಿದಳು. ಮಗಳು ಮಾತಾಡುತ್ತಾಳಂತೆ. ಎಲ್ಲರೂ ನನ್ನನ್ನೇ ನೋಡಿದರು. ಸೂಜಿಗೆ ದಾರ ಪೋಣಿಸಲು ಶುರುಮಾಡಿದೆ. ಅದರಲ್ಲಿ ಆಗಲೇ ದಾರ ಇತ್ತು.

"ಇವಳಾ?" ಅಂದರು ಸಿಸ್ಟರ್. "ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ರೂ ಥ್ಯಾಂಕ್ಸ್ ಹೇಳಿ ಬರೋಳು."

ನಿಜವೇ.

ಮಾರ್ಚ್ 13, ಗುರುವಾರ

ಕೊನೆಗೂ ಅಮ್ಮ ಒಪ್ಪಿದಳು. ಒಂದು ಷರತ್ತು. "ಮುಖ ಬೇಕಾದ್ರೆ ಸಂಜೆ ತನಕ ನೋಡ್ಲಿ. ಕಾಲು ಮಾತ್ರ ತೋರ್ಸು ಅನ್ಬಾರ್ದು."

ಯಾರೂ ಕೇಳುವ ಹಾಗಿಲ್ಲ ಎಂದು ಡಾಕ್ಟರಮ್ಮ ಮಾತು ಕೊಟ್ಟರು. ಎದೆಯಿಂದ ಮೇಲೆ ಮಾತ್ರ ಕಾಣುವ ಹಾಗೆ ಕ್ಯಾಮೆರಾ ಇಟ್ಟರು. ಅಮ್ಮನ ಸಮಾಧಾನಕ್ಕೆ ನಾನು ಮೇಜಿಗೊಂದು ಬಟ್ಟೆಯನ್ನೂ ಇಳಿಬಿಟ್ಟೆ.

ಇವತ್ತು ರಿಹರ್ಸಲ್. ಸಿಸ್ಟರ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಮಿಟಿಯ ಯಜಮಾನರಾದರು. ಅಮ್ಮ ಬಾಯಿಪಾಠದ ಮೊದಲ ಮಾತು ಚೆನ್ನಾಗಿ ಹೇಳುತ್ತಾಳೆ, ಎರಡನೆಯದಕ್ಕೆ ನಗು ಬರುತ್ತದೆ, ಮೂರನೆಯದು ಮರೆತೇ ಹೋಗುತ್ತದೆ. ಡಾಕ್ಟರಮ್ಮ ನಗುತ್ತಲೇ ಇದ್ದರು. ಉಗುರು ಮಾತ್ರ ಕಚ್ಚುತ್ತಿದ್ದರು.

ಮಾರ್ಚ್ 14, ಶುಕ್ರವಾರ, ಸಂಜೆ

ಮರೆಯುವ ಮೊದಲು ಬರೆದುಬಿಡುತ್ತೇನೆ.

ಡಾಕ್ಟರಮ್ಮ ಚೆನ್ನಾಗಿ ಮಾತಾಡಿದರು. ಪರದೆಯಲ್ಲಿ ಒಬ್ಬ ಹಿರಿಯರು — ದಪ್ಪ ಕನ್ನಡಕದವರು — ತಲೆ ಆಡಿಸಲೇ ಇಲ್ಲ. ಅಳೆಯುವವರು ನಿಮ್ಮವರೇ, ಟೇಪು ಸ್ವಲ್ಪ ಬಿಗಿ ಹಿಡಿದರೆ ಕಾಲು ಸಣ್ಣದಾಗುತ್ತದೆ, ನಂಬುವುದು ಹೇಗೆ ಎಂದರು. ಸಿಟ್ಟಿನಿಂದಲ್ಲ. ಕೇಳಲೇಬೇಕಾದದ್ದನ್ನು ಕೇಳುವವರ ಹಾಗೆ. ಡಾಕ್ಟರಮ್ಮ ಅಂಕಿಗಳನ್ನು ತೋರಿಸಿದರು. ಹಿರಿಯರು ಅಮ್ಮನ ಕಡೆ ತಿರುಗಿ, ನೀವು ಹೇಳಿ ಎಂದರು.

ಅಮ್ಮನಿಗೆ ಮೊದಲ ಮಾತೂ ಮರೆತುಹೋಯಿತು. ಮುಗಿಯಿತು ಅಂದುಕೊಂಡೆ.

"ಒಂದ್ನಿಮಿಷ ಇರಿ ಸ್ವಾಮಿ" ಎಂದಳು ಅಮ್ಮ. ಕುರ್ಚಿ ಹಿಂದಕ್ಕೆ ತಳ್ಳಿದಳು. ಕಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟು, ಲಂಗ ಸರಿಸಿ, ಚೀಲವನ್ನು ಸರ್ರನೆ ಸುಲಿದು ಕ್ಯಾಮೆರಾದ ಮುಂದೆ ಹಿಡಿದಳು.

"ತೂತಿನ ಸಾಲು ಕಾಣ್ತಾ? ಈ ಅಂಚಿಂದು ನಾನು ಮೊದ್ಲು ಬಂದಾಗಿನ ಹೊಲಿಗೆ. ಆಗ ಗೋಡೆ ಹಿಡಿದು ನಡೀತಿದ್ದೆ. ಇದು ಎರಡನೇದು — ನೀರು ನಾನೇ ತರೋಕೆ ಶುರುಮಾಡಿದ್ದು. ಇದು ಹೋದ ತಿಂಗಳಿಂದು. ಮೆಟ್ಟಿಲು ಹತ್ತಿದೆ. ಟೇಪು ಬಿಗಿ ಹಿಡೀಬಹುದು ಸ್ವಾಮಿ. ಕಾಲೇ ಇಳೀದೆ ಚೀಲ ಒಳಕ್ಕೆ ಹೊಲಿದ್ರೆ ನಾನು ಏರ್ಸೋದು ಹ್ಯಾಗೆ?"

ಕನ್ನಡಕದವರು ಪರದೆಗೆ ಹತ್ತಿರ ಬಂದು ನೋಡಿದರು. "ಸರಿ ತಾಯಿ. ಆದ್ರೆ ನಾಲ್ಕಾರು ಜನರ ಕಾಲು ನೋಡಿ ಏನೂ ಹೇಳೋಕಾಗಲ್ಲ."

"ಅದಕ್ಕೇ ತಾನೆ ದುಡ್ಡು ಕೇಳ್ತಿರೋದು!" ಎಂದಳು ಅಮ್ಮ.

ಅವರು ನಕ್ಕರು. ಉಳಿದವರೂ ನಕ್ಕರು. ಆಗಲೇ ನಾನು ಪರದೆಯ ಮೂಲೆ ನೋಡಿದ್ದು. ಅಲ್ಲಿ ನಮ್ಮದೇ ಚಿತ್ರ. ಅಮ್ಮನ ಕಾಲು ಪೂರ್ತಿ ಕಾಣುತ್ತಿತ್ತು. ಓಡಿಹೋಗಿ ಲಂಗ ಎಳೆಯೋಣವೆಂದು ಒಂದು ಹೆಜ್ಜೆ ಇಟ್ಟೆ. ಸಿಸ್ಟರ್ ಕೈ ಹಿಡಿದು ನಿಲ್ಲಿಸಿದರು.

ಹೊಲಿದವರು ಯಾರು ಎಂದು ಕೇಳಿದರು. ಅಮ್ಮ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದಳು, ಕ್ಯಾಮೆರಾದ ಮುಂದೆ ಹೋಗಬೇಕಾಯಿತು. ರೋಗಿಗಳು ಹೆಚ್ಚಾದರೆ ಒಬ್ಬಳಿಂದಲೇ ಆಗುತ್ತದೆಯೇ? "ಆಗಲ್ಲ" ಎಂದೆ. ಅಷ್ಟೇ ಬಂದದ್ದು ಬಾಯಿಗೆ. ಅರ್ಜಿಯಲ್ಲಿ ಹೊಲಿಗೆಗೆ ಒಬ್ಬರು ಸಾಕು ಎಂದು ಬರೆದಿತ್ತಂತೆ. ಆಮೇಲೆ ಗೊತ್ತಾಯಿತು. ಹಾಳುಮಾಡಿದೆನೇನೋ…

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು, "ಕಾಲು ಕಾಣ್ತಾ?"

"ಕಾಣ್ತು."

"ಯಾರಾದ್ರೂ ಮುಖ ತಿರುಗಿಸಿದ್ರಾ?"

"ಇಲ್ಲಮ್ಮ. ಎಲ್ರೂ ಚೀಲ ನೋಡ್ತಿದ್ರು."

"ಹೂಂ. ಊಟ ಹಾಕು."

ಏಪ್ರಿಲ್ 9, ಬುಧವಾರ

ಸುದ್ದಿಯಿಲ್ಲ. ಬಟ್ಟೆಯ ಸುರುಳಿ ಮುಗಿಯುತ್ತಾ ಬಂತು. ಇವತ್ತು ಇಬ್ಬರು ಬಂದು ಕೋಣೆಯ ಅಳತೆ ತೆಗೆದುಕೊಂಡರು. ಬೀರು ಇಡಲಿಕ್ಕಂತೆ. ನನ್ನ ಮೆಷಿನ್ನನ್ನು ಕೇಳದೆಯೇ ಸರಿಸಿದರು. ಅವರು ಹೋದ ಮೇಲೆ ವಾಪಸ್ ಎಳೆದು, ಇದ್ದ ಜಾಗದಲ್ಲೇ ಇಟ್ಟೆ.

ಮೇ 20, ಮಂಗಳವಾರ

ಕೊಟ್ಟರು.

ಕೇಳಿದಷ್ಟಲ್ಲ. ಮೂರು ವರ್ಷಕ್ಕೆ ಕೇಳಿದ್ದು, ಸಿಕ್ಕಿದ್ದು ಒಂದು ವರ್ಷಕ್ಕೆ. ಫಲಿತಾಂಶ ನೋಡಿ ಮುಂದಿನದು. ಆದರೆ ಕೋಣೆ ಉಳಿಯಿತು. ಬಟ್ಟೆ ಬರುತ್ತದೆ. ಹೊಲಿಗೆಗೆ ಇಬ್ಬರು ಎಂದು ಅವರೇ ತಿದ್ದಿದ್ದಾರೆ! ಡಾಕ್ಟರಮ್ಮ ಓದಿ ಹೇಳುತ್ತಾ ರೋಗಿಗಳ ಮಂಚದ ಮೇಲೆ ಹಾಗೇ ಕೂತುಬಿಟ್ಟರು. ಇನ್ನೊಂದು ಮಾತೂ ಇದೆ: ಟೇಪಿನ ಅಳತೆಯ ಜೊತೆಗೆ ಪ್ರತಿ ಚೀಲದ ಹೊಲಿಗೆ ಸಾಲುಗಳ ಫೋಟೋ ಕೂಡ ತಿಂಗಳು ತಿಂಗಳು ಕಳಿಸಬೇಕು. ಸಾಲು ಸ್ಪಷ್ಟವಾಗಿ ಕಾಣಬೇಕು.

ಸಿಸ್ಟರ್ ನನ್ನ ಬೆನ್ನಿಗೊಂದು ಗುದ್ದಿದರು. "ಒಂದೇ ಮಾತು ಆಡಿದ್ದು. ಒಂದು ಕೆಲಸ ಹುಟ್ಟಿಸಿಬಿಟ್ಟಳು ನೋಡಿ."

ಮೇ 21, ಬುಧವಾರ, ಬೆಳಿಗ್ಗೆ

ಬೇಗ ಬಂದೆವು. ಹೊಸ ರೋಗಿಗಳು ಬರುವುದಕ್ಕೆ ಇನ್ನೂ ಹೊತ್ತಿದೆ. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಇವತ್ತು ಗೋಡೆ ಕಡೆ ತಿರುಗಿಲ್ಲ. ಮೀನಖಂಡವನ್ನು ತಾನೇ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಾಳೆ. ಇನ್ನೂ ಒಂದು ಗೆರೆ ಒಳಗೆ ಹಾಕಬಹುದು ಎನ್ನುತ್ತಾಳೆ.

ಬಟ್ಟೆಯ ಬಣ್ಣದ ದಾರವನ್ನು ಡಬ್ಬಿಗೆ ಹಾಕಿದೆ. ಸೂಜಿಗೆ ಕೆಂಪು ದಾರ ಪೋಣಿಸಿದೆ.