ಠಾಣೆಯ ಬಾಗಿಲಲ್ಲಿ ಕಾರ್ಮಕ್

ವಾರಗೂನ್, ವಿಕ್ಟೋರಿಯಾ
ಜೂನ್ ೧೮೭೪

ಕಾರ್ಮಕ್,

ನೀನು ಓದಲಾರೆ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಪೊಲೀಸರು ನಿನ್ನನ್ನು ಗುಂಡಿಕ್ಕಿ ಕೊಂದ ಸುದ್ದಿ ಬಂದ ಕೂಡಲೇ, ತಮ್ಮನನ್ನು ಮನೆಗೆ ಕರೆತಾ ಎಂದು ಅವ್ವ ನನ್ನನ್ನು ಗಾಡಿಯಲ್ಲಿ ಕಳಿಸಿದಳು. ಠಾಣೆಯ ಮುಂದೆ ಊರೇ ನೆರೆದಿತ್ತು. ನಿನ್ನನ್ನು ಹಗ್ಗದಿಂದ ಬಾಗಿಲಿಗೆ ಬಿಗಿದು ನಿಲ್ಲಿಸಿದ್ದರು. ಎದುರಿಗೆ ಒಬ್ಬ ಫೋಟೋ ತೆಗೆಯಲು ಸಜ್ಜಾಗುತ್ತಿದ್ದ.

“ಬ್ಯಾಂಕ್ ದೋಚಿದ ಕಾರ್ಮಕ್ ಇವ್ನೇನಾ? ಏಳಡಿ ಆಳು ಅಂತಿದ್ರಲ್ಲ!” ಎಂದ ಒಬ್ಬ ಕುರಿಗಾಹಿ.

“ಗುಂಡು ಬಿದ್ದ ಮೇಲೂ ನಗ್ತಾ ಕುದುರೆ ಹತ್ತಿದ್ನಂತೆ ಕಣ್ರೀ,” ಎಂದಳು ಅವನ ಪಕ್ಕದ ಹೆಂಗಸು.

ನಿನ್ನ ಬೂಟುಗಳನ್ನು ಯಾರೋ ಹೊತ್ತೊಯ್ದಿದ್ದರು. ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಮುಚ್ಚಲು ಶಾಲು ತೆಗೆದು ಬಗ್ಗಿದೆ.

“ಸ್ವಲ್ಪ ಸರೀರಿ ಅಮ್ಮಾ, ನಿಮ್ಮ ನೆರಳು ಬೀಳ್ತಿದೆ,” ಎಂದ ಫೋಟೋದವನು.

ಎಲ್ಲರೂ ನನ್ನತ್ತ ತಿರುಗಿದರು.

“ತಪ್ಪಾಯ್ತು ಸ್ವಾಮಿ,” ಎಂದು ಶಾಲು ಹೊದ್ದು ಪಕ್ಕಕ್ಕೆ ಸರಿದೆ. ಅವನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದಾಗ ಎಲ್ಲರಂತೆ ನಾನೂ ಅಲುಗಾಡದೆ ನಿಂತೆ. ಆಮೇಲೆ ಠಾಣೆಯೊಳಗೆ ಹೋಗಿ ನಿನ್ನನ್ನು ಕೊಡಿ ಎಂದು ಕೇಳಲೇ ಇಲ್ಲ. ಹಾಗೇ ಗಾಡಿ ತಿರುಗಿಸಿದೆ.

“ಕೊಡ್ಲಿಲ್ವೇನೇ ಆ ಪಾಪಿಗಳು?” ಎಂದು ಅವ್ವ ಅಂಗಳದಲ್ಲೇ ಕೇಳಿದಳು.

“ಎಷ್ಟು ಬೇಡ್ಕೊಂಡ್ರೂ ಕೊಡ್ಲಿಲ್ಲ, ಅವ್ವ.”

ಅವ್ವ ನನ್ನ ತಲೆ ಸವರಿ ಬಿಸಿ ಚಹಾ ಕೊಟ್ಟಳು. ಈಗ ಒಲೆಯ ಮುಂದೆ ಕೂತು ನೆರೆಯವರಿಗೆ ಹೇಳುತ್ತಿದ್ದಾಳೆ: “ಅಷ್ಟು ಜನ ಪೊಲೀಸರ ಎದುರು ನಿಂತು ನನ್ ತಮ್ಮನ್ನ ಕೊಡಿ ಅಂತ ಕೇಳಿದ್ಲು ನನ್ ಮಗಳು. ಅವನಷ್ಟೇ ಗಟ್ಟಿಗಿತ್ತಿ!”

ಹನೋರಾ