ಬೀರುವಿನ ಹಿಂದಿನ ಗೋಡೆ

ಮನೆ ಮಾಲೀಕರಿಗೆ ನಮಸ್ಕಾರ.

ಗೇಟಿಗೆ ನೀವು ಕಟ್ಟಿಸಿದ ‘ಮನೆ ಮಾರಾಟಕ್ಕಿದೆ’ ಬೋರ್ಡು ಬಿಸಿಲಿಗೆ ಬಣ್ಣಗೆಟ್ಟಿದೆ. ಮೊದಲೆಲ್ಲ ಭಾನುವಾರ ಬಂತೆಂದರೆ ಮನೆ ನೋಡುವವರ ಸಾಲು. ಈಗ ಬ್ರೋಕರ್ ಒಬ್ಬನೇ ಬಂದು, ನೀರು ಕುಡಿದು ಹೋಗುತ್ತಾನೆ. “ಇಡೀ ಬೀದಿಗೆ ಇದೇ ಗತಿ ಅಕ್ಕಾ. ಮಾಲೀಕರು ಎರಡು ಸಲ ರೇಟು ಇಳಿಸಿದ್ರೂ ಯಾರೂ ಕ್ಯಾರೇ ಅಂತಿಲ್ಲ” ಅಂದ.

ಯಾರೇ ನೋಡಲು ಬಂದರೂ ನೀವು ಹೇಳಿದಂತೆಯೇ ನಡೆದುಕೊಂಡೆ. ಹೊಲಿಗೆ ಮಿಷನ್ನಿಗೆ ಬೆಡ್‌ಶೀಟು ಹೊದಿಸಿದೆ. ತೇವ ಹಿಡಿದ ಗೋಡೆ ಕಾಣದಂತೆ ಬೀರು ಎಳೆದು ನಿಲ್ಲಿಸಿದೆ. ಮಂಡಿನೋವಿನ ಅಮ್ಮನನ್ನು ಎಬ್ಬಿಸಿ ಪಾರ್ಕಿನಲ್ಲಿ ಕೂರಿಸಿ ಬಂದೆ. “ನಾನೇನು ಮುರಿದ ಕುರ್ಚೀನಾ, ಬಚ್ಚಿಡೋಕೆ?” ಎಂದು ಕೊನೆಯ ಸಲ ಅಮ್ಮ ಕೇಳಿಯೇಬಿಟ್ಟಳು. ಇನ್ನು ಅವಳನ್ನು ಎಬ್ಬಿಸುವುದಿಲ್ಲ.

ಈ ಭಾನುವಾರ ದಯವಿಟ್ಟು ನೀವೇ ಬನ್ನಿ. ಕೊಳ್ಳುವವರು ಸಿಕ್ಕಿದ್ದಾರೆ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ. ನಿಮ್ಮ ಹಳೆಯ ರೇಟಿಗಲ್ಲ, ಈಗಿನ ರೇಟಿಗೆ. ಚೌಕಾಸಿಗೆ ತಯಾರಾಗಿಯೇ ಬನ್ನಿ. ಕೊಳ್ಳುವವಳು ನಾನು. ಬೀರುವನ್ನು ಆಗಲೇ ಪಕ್ಕಕ್ಕೆ ಸರಿಸಿಟ್ಟಿದ್ದೇನೆ.

ಇತಿ,
ಸದ್ಯಕ್ಕೆ ನಿಮ್ಮ ಬಾಡಿಗೆ ಮನೆಯಲ್ಲಿರುವ
ಟೈಲರಮ್ಮ