ಒಂದು ಹಳಿ, ಎರಡು ಡಿಕೋಡರ್

೭ ಆಗಸ್ಟ್ ೨೦೦೫, ರವಿವಾರ

ಮೂಡಲಗಿಯಿಂದ ಈಗ ಬಂದೆ. ಬೆರಳಿಗೆಲ್ಲ ಸ್ಪಿರಿಟ್ ವಾಸನೆ. ಪ್ರತಿ ರವಿವಾರದ ಕೆಲಸ — ಗೆಳೆಯ ವರ್ಧಮಾನನ ಪಾತ್ರೆ ಅಂಗಡಿಯ ಅಟ್ಟ ಹತ್ತುವುದು, ಆಟದ ರೈಲಿನ ಹಳಿ ಒರೆಸುವುದು. ಆಟದ್ದು ಅಂದರೆ ಅವನಿಗೆ ಸಿಟ್ಟು. ಮಾಡೆಲ್ ಅನ್ನಬೇಕು. ಅವನ ಪುಣೆಯ ಭಾವ ಕೊಟ್ಟ ಎರಡು ಜರ್ಮನ್ ಎಂಜಿನ್, ಎಂಟು ಡಬ್ಬಿ. ಪ್ಲೈವುಡ್ ಮೇಲೆ ಮೀಟರ್‌ಗೇಜ್ ಕಾಲದ ಸಣ್ಣ ಸ್ಟೇಶನ್. ಊರಿಗೇ ರೈಲಿಲ್ಲ, ಕೊಪ್ಪರಿಗೆಗಳ ತಲೆಯ ಮೇಲೆ ರೈಲು.

ಇವತ್ತು ಅವನ ಸೋದರಮಾವ ರಾವಸಾಹೇಬ ಕಾಕಾ ಹುಕ್ಕೇರಿಯಿಂದ ಬಂದಿದ್ದರು. ರಿಟೈರ್ ಆದ ಎಂಜಿನ್ ಡ್ರೈವರ್. ಅರವತ್ತೊಂಬತ್ತು. ಬಂದದ್ದು ಇದು ಮೂರನೆಯ ಸಲ.

‘ಮಾಸ್ತರ್ರ, ಒಂದ ಕ್ರಾಸಿಂಗ್ ಮಾಡಿ ತೋರಸ್ರಿ. ಒಂದ ಗಾಡಿ ಬಾಜೂ ಹಳಿಗೆ, ಲೂಪಿಗೆ, ಹೋಗಿ ನಿಂದರಬೇಕು, ಇನ್ನೊಂದ ಮೇನ್ ಮ್ಯಾಲೆ ಬರಬೇಕು.’

ಕರೆಂಟ್ ಕೊಟ್ಟೆ. ಎರಡೂ ಹೊರಟವು. ತೆಗೆದೆ. ಎರಡೂ ನಿಂತವು.

‘ಏನ್ರಿ ಇದು, ಜೋಡೆತ್ತ ಹೂಡೀರೇನು?’

ಹಳಿ ತುಂಡರಿಸಿ ನಡುನಡುವೆ ಸ್ವಿಚ್ ಹಾಕೋಣ ಎಂದೆ. ಕಾಕಾ ಒಪ್ಪಲಿಲ್ಲ. ‘ಅದು ಹಳಿ ನಡಸೂದಾತು. ನಾ ಗಾಡಿ ನಡಸಾಂವ.’

ಒಂದೇ ಹಳಿ, ಎರಡು ಗಾಡಿ, ಒಂದೇ ಬುದ್ಧಿ —
ರೈಲೋ, ನಮ್ಮ ಹೈಸ್ಕೂಲಿನ ಮೀಟಿಂಗಿನ ಸುದ್ದಿ?

ಮಾತಾಡುವಾಗ ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುವುತ್ತಲೇ ಇದ್ದೆ. ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು. ಚಟ. ಹೋಗುವುದಿಲ್ಲ.

೧೦ ಆಗಸ್ಟ್, ಬುಧವಾರ

ಶಾಲೆ ಬಿಟ್ಟು ಗೋಕಾಕದ ಸೈಬರ್ ಕೆಫೆ. ಬಾಜೂ ಕುರ್ಚಿಯಲ್ಲಿ ನನ್ನದೇ ಒಂಬತ್ತನೆಯ ಇಯತ್ತೆಯ ಶುಭಮ್. ಅವನ ಪರದೆ ನನಗೆ ಕಾಣದಂತೆ, ನನ್ನದು ಅವನಿಗೆ ಕಾಣದಂತೆ ಇಬ್ಬರೂ ತಿರುಗಿ ಕೂತೆವು.

ಬೇಕಾದ್ದು ಸಿಕ್ಕಿತು. ಡಿಕೋಡರ್. ಹೆಬ್ಬೆರಳಿನ ಉಗುರಿನಷ್ಟು. ಎಂಜಿನ್ನಿನ ಹೊಟ್ಟೆಯಲ್ಲಿ ಕೂರುತ್ತದೆ. ಹಳಿಯಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ. ಅದರ ಜತೆಗೇ ನಮ್ಮ ಕೈಯಲ್ಲಿನ ಕಂಟ್ರೋಲ್ ಡಬ್ಬದಿಂದ ಅಪ್ಪಣೆ ಹೋಗುತ್ತದೆ, ನಂಬರಿನ ಮೇಲೆ. ನಾಲ್ಕು ಎಂದರೆ ನಾಲ್ಕನೆಯದೇ ಹೊರಡಬೇಕು. ಹಾಜರಿ ಕರೆದ ಹಾಗೆ. ಹೊಸದಾಗಿ ಬಂದದ್ದೆಲ್ಲ ಮೂರನೆಯ ನಂಬರೇ ಅಂತೆ — ನಾವೇ ಬದಲಿಸಬೇಕು. ಬದಲಿಸದಿದ್ದರೆ ಮತ್ತೆ ಜೋಡೆತ್ತು.

ಯಾವುದು ನಂಬಿಗಸ್ತ? ಹತ್ತು ಜನ ಹಿಡಿ ಅನ್ನುತ್ತಾರೆ, ಹತ್ತು ಜನ ಬಿಡಿ ಅನ್ನುತ್ತಾರೆ. ಎಲ್ಲ ಇಂಗ್ಲಿಷು. ಡಿಕ್ಷನರಿ ಒಯ್ಯಬೇಕಿತ್ತು. ಒಂದು ಮಾತು ಮಾತ್ರ ಎಲ್ಲರದೂ: ಮೊದಲು ಗಾಲಿಯನ್ನು ಬೆರಳಿನಿಂದ ಅಮುಕಿ ಹಿಡಿ, ಮೋಟಾರು ಎಷ್ಟು ಕರೆಂಟ್ ಎಳೆಯುತ್ತದೆ ನೋಡು, ಅದಕ್ಕಿಂತ ಹೆಚ್ಚು ತಾಳುವುದನ್ನು ಕೊಳ್ಳು.

ಹೊರಡುವಾಗ ಶುಭಮ್ ಕೇಳಿದ, ‘ಸರ್, ರೈಲ್ವೇದಾಗ ನೌಕರಿ ನೋಡಾಕತ್ತೀರೇನ್ರಿ?’

ನೋಡಿ, ಮಾಡಿ, ಬಿಟ್ಟೂ ಆಗಿದೆ. ಅವನಿಗೆ ಹೋಮ್ ವರ್ಕ್ ಕೇಳಿದೆ.

೧೪ ಆಗಸ್ಟ್, ರವಿವಾರ

ಕಾಕಾ ಹುಕ್ಕೇರಿಗೆ ಕರೆಸಿದ್ದರು. ಸ್ಟೇಶನ್ನಿನ ನಕ್ಷೆ ಕೊಡುತ್ತೇನೆ, ಟೇಬಲ್ ಮೇಲೆ ಅದೇ ಬರಬೇಕು ಎಂದು. ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಎಳೆದರು — ಮೇನ್, ಲೂಪ್, ಸ್ಟೇಶನ್ನಿನ ಹೊರಗಿನ ಔಟರ್ ಸಿಗ್ನಲ್ಲು.

‘ಎಂಬತ್ತಮೂರನೇ ಇಸವಿ. ಸಂಜೀ ಗಾಡಿ. ಔಟರ್ ಸಿಗ್ನಲ್ಲಿನ ತಂತಿ ಹರದಿತ್ತರಿ. ಅದಕ್ಕ ಇಲ್ಲೆ ಒಬ್ಬ ಹುಡುಗನ್ನ ಕಂದೀಲ ಕೊಟ್ಟ ನಿಲ್ಲಿಸಿದ್ರು.’ ಹಳಿಯ ಬದಿಗೆ ಒಂದು ಗುಣಿಸು ಚಿಹ್ನೆ ಹಾಕಿದರು. ‘ಹಸರ ತೋರಸಿದ. ನಾ ಬಂದೆ. ಎದರಿಗೆ ಮೇನ್ ಮ್ಯಾಲೇನ ಗೂಡ್ಸ್ ನಿಂತಿತ್ತು. ಬ್ರೇಕ್ ಹಾಕಿ ಹಾಕಿ... ಎರಡೂ ಎಂಜಿನ್ ನಡು ಒಂದ ಚಕ್ಕಡಿ ಹೋಗುವಷ್ಟ ಜಾಗಾ ಉಳೀತು.’

‘ಆಮ್ಯಾಲೆ?’ ಕೇಳಿದ್ದು ನನ್ನ ದನಿಯೇ.

‘ಆಮ್ಯಾಲೇನು? ಎನ್ಕ್ವಾಯರಿ. ಆ ಹುಡುಗ ಕೆಂಪ ಅಂದ, ನಾ ಹಸರ ಅಂದೆ. ಅವನ್ನ ನಂಬಿದ್ರು. ಪ್ಯಾಸೆಂಜರ್ ತಗದ ನನ್ನ ಯಾರ್ಡಿಗೆ ಹಾಕಿದ್ರು. ಹನ್ನೊಂದ ವರ್ಷ ಡಬ್ಬಿ ಹಿಂದ ಮುಂದ ದೂಕಿ ರಿಟೈರ್ ಆದೆ. ಆ ಸಂಜೀ ಒಮ್ಮೆ ಮ್ಯಾಲಿಂದ ನೋಡಬೇಕಾಗೇತ್ರಿ ಮಾಸ್ತರ್ರ. ಎಂಜಿನ್‌ದಾಗಿಂದ ಮುಂದಿಂದಷ್ಟ ಕಾಣತೈತಿ. ಗಾಡಿ ಮಾತ್ರ ನಾ ಹೇಳಿದಂಗ ಕೇಳಬೇಕು. ಆಮ್ಯಾಲೆ ಯಾರೂ ಮಶೀನಿನ ಮ್ಯಾಲೆ ಹಾಕಬಾರದು.’

ಬಸ್ಸಿನಲ್ಲಿ ಕ್ಯಾಲೆಂಡರು ತೊಡೆಯ ಮೇಲೆ. ಗುಣಿಸು ಚಿಹ್ನೆ ನಾನು.

ಬಿ.ಎ. ಮುಗಿದು ನೌಕರಿ ಇಲ್ಲದ ಕಾಲ. ಎಂಟು ತಿಂಗಳು ಆ ಸ್ಟೇಶನ್ನಿನಲ್ಲಿ ಹಂಗಾಮಿ ಕೆಲಸ. ಮೇನ್ ಖಾಲಿಯಾಗಿ ಸ್ಟೇಶನ್ನಿನಿಂದ ಸೀಟಿ ಕೇಳುವವರೆಗೆ ಕೆಂಪು ತೋರಿಸು ಎಂದಿದ್ದರು. ನಾನು ‘ಸಂಜೆ’ಗೆ ಪ್ರಾಸ ಹುಡುಕುತ್ತಿದ್ದೆ. ಕಂದೀಲಿನ ತಲೆ ತಿರುವಿದರೆ ಗಾಜು ಬದಲಾಗುತ್ತದೆ. ಬೆರಳು ಸುಮ್ಮನಿರಲಿಲ್ಲ. ಗಾಡಿ ದಾಟಿದ ಮೇಲೆ ನೋಡಿದೆ — ಹಸಿರು. ಮತ್ತೆ ಕೆಂಪಿಗೆ ತಿರುವಿದೆ. ಡ್ರೈವರ್ ಇಳಿದು ಓಡಿ ಬಂದು ಒಂದೇ ಮಾತು ಕೇಳಿದ್ದರು: ‘ತಮ್ಮಾ, ಯಾವ ಬಣ್ಣ ತೋರಸಿದಿ?’

ಆಗ ತಲೆ ತುಂಬ ಕೂದಲು, ಮೀಸೆ ಇರಲಿಲ್ಲ. ಈಗ ಅದಲುಬದಲು. ಗುರುತು ಸಿಕ್ಕಿಲ್ಲ.

೨೦ ಆಗಸ್ಟ್, ಶನಿವಾರ

ಗಾಲಿ ಹಿಡಿದು ಅಳೆದೆ. ಒಂದೂಕಾಲು ಆಂಪಿಯರ್. ಕೊಳ್ಳಬೇಕಾದದ್ದು ಎರಡು ತಾಳುವಂಥದ್ದು. ಮುಂಬಯಿಯ ಅಂಗಡಿಗೆ ಪತ್ರ ಬರೆಯಲು ಕೂತೆ. ಒಂದು ಆಂಪಿಯರಿನದನ್ನು ಬರೆದೆ. ಜೋಡಿ, ಜತೆಗೆ ಅಪ್ಪಣೆಯ ಡಬ್ಬ.

ಗೊತ್ತಿದ್ದೂ. ಸುಟ್ಟುಹೋದರೆ ಆ ಸಂಜೆ ಟೇಬಲ್ ಮೇಲೆ ಬರುವುದಿಲ್ಲ.

‘ಬರೇ ಒಂದ ಆಂಪಿಯರ್ ಅಂತ ಯಾಕ ಬರದ್ರಿ? ರಾತ್ರೆಲ್ಲಾ ಎರಡ ಬೇಕು, ಎರಡ ಬೇಕು ಅಂತ ಬಡಬಡಿಸಿದ್ರಿ’ — ಚನ್ನವ್ವ, ಹೆಗಲ ಮೇಲಿಂದ. ಮದುವೆಯಾಗಿ ಇಪ್ಪತ್ತು ವರ್ಷ, ನಿದ್ದೆಯಲ್ಲಾಡಿದ್ದೂ ಅವಳ ಬಳಿ ಜಮಾ.

‘ಸಾಕಾಗತೈತಿ’ ಎಂದೆ.

ಅಗ್ಗದ ಚಿಪ್ಪು, ನಾಲ್ಕು ದಿನ ಒಪ್ಪು;
ಆಮೇಲೆ ತೆಪ್ಪಗಾದರೆ ಯಾರದು ತಪ್ಪು?

ಟಪಾಲಿಗೆ ಹಾಕಿಬಿಟ್ಟೆ.

೧೮ ಸೆಪ್ಟೆಂಬರ್, ರವಿವಾರ

ಬಂದವು. ಕೂರಿಸಿದೆ. ಮೂರು, ನಾಲ್ಕು ಎಂದು ನಂಬರು ಕೊಟ್ಟೆ. ಮೂರು ಎಂದರೆ ಮೂರೇ ಹೋಯಿತು. ವರ್ಧಮಾನ ಕುಣಿದ. ಕೆಳಗೆ ಗಿರಾಕಿ ‘ಅಟ್ಟ ಬೀಳತೈತೇನ್ರಿ?’ ಅಂದ.

ಕಾಕಾ ನಾಲ್ಕನ್ನು ನಡೆಸಿದರು. ಮೆಲ್ಲಗೆ ಔಟರ್ ಹತ್ತಿರ ತಂದರು. ನಾನು ಒರೆಸದೆ ಬಿಟ್ಟ ಒಂದು ಗೇಣು ಹಳಿ ಅಲ್ಲಿತ್ತು. ಎಂಜಿನ್ ಒಂದು ಕ್ಷಣ ತೊದಲಿತು. ಆಮೇಲೆ ಅಪ್ಪಣೆಯಿಲ್ಲದೆ ಫುಲ್ ಸ್ಪೀಡಿನಲ್ಲಿ ಓಡಿ ಟೇಬಲ್ ತುದಿ ದಾಟಿ ಸ್ಟೀಲ್ ಬುಟ್ಟಿಯಲ್ಲಿ ಬಿತ್ತು.

ಡಿಕ್ಷನರಿ ಹಿಡಿದು ಡಿಕೋಡರ್ ಜತೆ ಬಂದ ಹಾಳೆ ಓದಿದೆ. ಅಪ್ಪಣೆ ತಪ್ಪಿದಾಗ ಓಡಬೇಕೋ ನಿಲ್ಲಬೇಕೋ — ಅದನ್ನೂ ಮೊದಲೇ ಹೇಳಿಕೊಡಬೇಕಂತೆ. ಹೇಳಿಕೊಡದಿದ್ದರೆ ಓಡುತ್ತದೆ.

‘ಹೆದರಿದಾಂವ ಹಂಗ ಮಾಡತಾನ’ ಎಂದರು ಕಾಕಾ, ಬುಟ್ಟಿಯಿಂದ ಎಂಜಿನ್ ಎತ್ತುತ್ತ.

೧೧ ಅಕ್ಟೋಬರ್, ಮಂಗಳವಾರ, ಖಂಡೇಪೂಜೆ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಇವತ್ತು ಕ್ರಾಸಿಂಗ್ ಎಂದು ನಿಗದಿಯಾಗಿತ್ತು. ಓಡಬೇಡ, ನಿಲ್ಲು ಎಂದು ಎರಡಕ್ಕೂ ಕಲಿಸಿದ್ದೆ. ಹಳಿ ಕನ್ನಡಿ. ಡಬ್ಬದ ಸ್ವಿಚ್ ಹಾಕಿತ್ತು. ವರ್ಧಮಾನನ ತಾಯಿ ಜಿನ್ನವ್ವ ತಕ್ಕಡಿ, ತೂಕದ ಕಲ್ಲು, ಶಟರಿನ ಪೂಜೆ ಮುಗಿಸಿ ಆರತಿ ತಟ್ಟೆ ಹಿಡಿದು ಅಟ್ಟಕ್ಕೆ ಬಂದರು. ಎಂಜಿನ್ ನೆತ್ತಿಗೆ ಕುಂಕುಮ, ಚೆಂಡುಹೂವು.

‘ಎಂಜಿನ್ ಅಂದಮ್ಯಾಲೆ ಲಿಂಬಿಹಣ್ಣ ಹಾಯಬೇಕಲಾ?’ ಎಂದು ಅಣ್ಣನ ಕಡೆ ನೋಡಿದರು.

‘ಹೌದ ಮತ್ತ’ ಎಂದರು ಕಾಕಾ. ‘ಲಿಂಬಿಹಣ್ಣ ಇಲ್ಲದ ನಾ ಹೊಸಾ ಎಂಜಿನ್ ಹತ್ತಿದ್ದ ಇಲ್ಲ.’

ಇಡೀ ಹಣ್ಣು ಹಾಯಲು ಗಾಲಿ ಸಣ್ಣದು. ಜಿನ್ನವ್ವ ಹೋಳು ಮಾಡಿ ಎರಡೂ ಎಂಜಿನ್ನಿನ ಗಾಲಿಗೆ ಒತ್ತಿ ಇಟ್ಟರು. ರಸ ಎರಡು ಹಳಿಯ ನಡುವೆ ಇಳಿಯಿತು. ಆಮೇಲೆ ಕಾಯಿ ಒಡೆದು ನೀರನ್ನು ಮೇಲಿಂದಲೇ ಬಿಟ್ಟರು.

ಸ್ವಿಚ್ಚಿನ ಮೇಲೆ ನನ್ನ ಬೆರಳಿತ್ತು. ತೆಗೆಯಲು ಅರೆ ಕ್ಷಣ ಸಾಕಿತ್ತು. ತೆಗೆಯಲಿಲ್ಲ.

ಚಟ್ ಎಂದಿತು. ನಾಲ್ಕರ ಬೆನ್ನಿನಿಂದ ಊದಿನಕಡ್ಡಿಯಷ್ಟು ಹೊಗೆ, ಮೂರರದೂ ಸುಟ್ಟಿತು. ‘ಧೂಪ ಆತು!’ ಎಂದು ಜಿನ್ನವ್ವ ಕೈಮುಗಿದರು.

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವರು ನೋಡುತ್ತಿದ್ದದ್ದು ಸ್ವಿಚ್ಚನ್ನು.

೬ ನವೆಂಬರ್, ರವಿವಾರ

ನಾಲ್ಕು ವಾರ ಮೂಡಲಗಿಗೆ ಹೋಗಿರಲಿಲ್ಲ. ಪೇಪರ್ ತಿದ್ದುವ ನೆಪ, ದೀಪಾವಳಿಯ ನೆಪ. ನಿದ್ದೆ ಸರಿಯಿಲ್ಲ. ಎರಡು ಪೆನ್ನಿನ ಟೋಪಿ ತಿರುವಿ ತಿರುವಿ ಒಡೆದಾಯಿತು.

ಇವತ್ತು ಕಾಕಾರೇ ಗೋಕಾಕಕ್ಕೆ, ಮನೆಗೆ ಬಂದರು. ಚನ್ನವ್ವ ಕರದಂಟು ಕೊಟ್ಟಳು. ಹಲ್ಲಿಲ್ಲ ಎಂದು ಕಿಸೆಗೆ ಹಾಕಿಕೊಂಡರು.

‘ಲಿಂಬಿಹಣ್ಣ ನಾನ ಹೇಳಿದ್ದು. ತಪ್ಪ ನಂದು’ ಎಂದರು.

‘ಇಲ್ರಿ ಕಾಕಾ...’

ಕಾದರು. ನಾನು ಮೂರನೆಯ ಪೆನ್ನಿನ ಟೋಪಿ ತಿರುವಿದೆ.

‘ಆತು. ಇನ್ನೊಂದ ಜೋಡಿ ತರಸ್ರಿ. ಈ ಸಲ ಗಟ್ಟೀದು ಆರಸ್ರಿ ಮಾಸ್ತರ್ರ. ನೀವ ಆರಸೂದು. ನಾ ಕಾಯತೇನಿ. ಕಾಯೂದು ನನಗ ರೂಢಿ ಐತಿ.’

ಅವರನ್ನು ಬಸ್ಸು ಹತ್ತಿಸಿ ಸೀದಾ ಎಸ್‌ಟಿಡಿ ಬೂತಿಗೆ ಹೋಗಿ ಪುಣೆಯ ಭಾವನಿಗೆ ಫೋನ್ ಮಾಡಿದೆ. ಎರಡು ಆಂಪಿಯರ್. ಎಂಟು ಕಡ್ಡಿಯ ಪ್ಲಗ್ಗು. ಶಾರ್ಟ್ ಆದರೆ ತಾನೇ ಬಂದ್ ಆಗುವಂಥದ್ದು. ಭಾವ ಕನ್ನಡ ಮರಾಠಿ ಬೆರೆಸಿ ಕೇಳಿದ, ‘ಖರೇನ ಇದ ಬೇಕಾ? ಸ್ವಸ್ತ ಸಿಗತಾವಲ್ರಿ?’

ಅಗ್ಗದ್ದು ಬೇಡ, ಖರೇ ಇದೇ ಬೇಕು ಎಂದೆ. ಎರಡು ಸಲ.

೪ ಡಿಸೆಂಬರ್, ರವಿವಾರ

ಬಂದವು. ನಾನೊಬ್ಬನೇ ಅಟ್ಟದಲ್ಲಿ ಕೂತು ಕೂರಿಸಿದೆ. ಮೂರು ತಾಸು ಓಡಿಸಿದೆ. ಬೇಕೆಂದೇ ಹಳಿಗೆ ಹೊಲಸು ಸವರಿದೆ — ನಿಂತವು, ಓಡಲಿಲ್ಲ. ಬೇಕೆಂದೇ ಚಮಚ ಅಡ್ಡ ಇಟ್ಟೆ — ಬಂದ್ ಆದವು. ತೆಗೆದೆ, ಹೊರಟವು. ಗಾಲಿ ಅಮುಕಿ ಹಿಡಿದೆ. ಬಿಸಿಯಾಗಲಿಲ್ಲ.

ಒಂದೂ ತಪ್ಪಿಲ್ಲ. ಒಂದಾದರೂ ಇರಬಾರದಿತ್ತೇ?

ಪ್ರಾಸ ಹೊಳೆಯುತ್ತಿಲ್ಲ. ಹುಡುಕಿಯೂ ಇಲ್ಲ.

೧೧ ಡಿಸೆಂಬರ್, ರವಿವಾರ, ಸಂಜೆ ೭

ಕಾಕಾ ಚೀಲದಿಂದ ಕಂದೀಲು ತೆಗೆದರು. ಮೂರು ಗಾಜಿನದು. ಎಣ್ಣೆ ಹಾಕಿ ಹಚ್ಚಿದರು. ವರ್ಧಮಾನ ಕೆಳಗೆ ಗಿರಾಕಿಗೆ ಹಂಡೆ ತೋರಿಸುತ್ತಿದ್ದ. ಅಟ್ಟದಲ್ಲಿ ನಾವಿಬ್ಬರೇ.

ಮೂರು, ಗೂಡ್ಸ್, ಮೇನ್ ಮೇಲೆ. ನಾಲ್ಕನ್ನು ಕಾಕಾ ತಾವೇ ಹಿಡಿದರು. ಕಂದೀಲನ್ನು ನನ್ನ ಕೈಗೆ ಕೊಟ್ಟು ಟೇಬಲ್ಲಿನ ಔಟರ್ ಕಡೆ ತೋರಿಸಿದರು.

‘ಅವತ್ತ ನಿಂತಿದ್ದೆಲಾ, ಅಲ್ಲೇ ನಿಂದರು, ತಮ್ಮಾ.’

ಕಂದೀಲನ್ನು ಎರಡೂ ಕೈಯಲ್ಲಿ ಹಿಡಿದೆ.

‘ಯಾವಾಗ... ಗೊತ್ತಾತರಿ?’

‘ಮೊದಲನೇ ದಿನಾನ. ಬಾಟ್ಲಿ ಮುಚ್ಚಳ ತಿರವೂದ ನೋಡಿ. ಹಸರ ಕಂಡ ಮ್ಯಾಲೂ ನಿನ್ನ ಕೈ ಹಂಗ ತಿರಗತಿತ್ತು. ಗಾಡಿ ದಾಟೂಮುಂದ ಎಂಜಿನ್ನಿನ ಲೈಟಿನಾಗ ಕೈ ಅಷ್ಟ ಕಂಡಿತ್ತು ನನಗ.’ ನಾಬ್ ಮೇಲೆ ಅವರ ಬೆರಳು ಅಲುಗಲಿಲ್ಲ. ‘ಹೇಳು. ಯಾವ ಬಣ್ಣ ತೋರಸಿದಿ?’

‘ಹಸಿರು.’

ಕಾಕಾ ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ‘ತೋರಸು ಹಂಗಾರ’ ಎಂದರು. ತೋರಿಸಿದೆ. ನಾಲ್ಕು ಬಂತು, ಮೂರರ ಎದುರಿಗೆ ಅಂಗೈಯಷ್ಟು ಜಾಗ ಬಿಟ್ಟು ನಿಂತಿತು. ಕಾಕಾ ಬಗ್ಗಿ ಮೇಲಿಂದ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

‘ಛಲೋ ನಿಲ್ಲಿಸೇನಿ’ ಎಂದರು. ತಮಗೇ.

‘ಎಲ್ಲಿ ಹೇಳಬೇಕೋ ಅಲ್ಲಿ ಹೇಳತೇನ್ರಿ. ರೈಲ್ವೇದವರಿಗೆ ಬರದ ಕೊಡತೇನಿ’ ಎಂದೆ.

‘ಕೊಡು. ಅದು ನಾಳಿನ ಕೆಲಸ. ಈಗ ಗಾಡಿ ಹಿಂದ ತಗೋತೇನಿ. ಮತ್ತ ಬರತೇನಿ. ಕೆಂಪ ಹಿಡಿ.’

ಹಿಡಿದೆ. ನಾಲ್ಕು ಔಟರ್‌ನಲ್ಲಿ ನಿಂತಿತು. ನನ್ನ ಬೆರಳು ಕಂದೀಲಿನ ತಲೆಯ ಮೇಲೆ, ಅಲ್ಲಾಡಲಿಲ್ಲ. ಕಾಕಾ ಮೂರನ್ನು ಕರೆದರು. ಗೂಡ್ಸ್ ಮೆಲ್ಲಗೆ ಲೂಪಿಗೆ ಹೋಯಿತು, ಕೊನೆಯ ಡಬ್ಬಿಯೂ ಹೋಯಿತು. ಮೇನ್ ಖಾಲಿ. ಕಾಕಾ ಬಾಯಿಯಿಂದಲೇ ಸೀಟಿ ಹೊಡೆದರು, ನನ್ನ ಕಡೆ ನೋಡಿದರು.

‘ಈಗ ತಿರವು, ತಮ್ಮಾ.’

ನಾನು ಬೆರಳು ತಿರುವಿದೆ. ಹಸಿರು ಬಿತ್ತು, ನಾಲ್ಕು ಖಾಲಿ ಮೇನ್ ಮೇಲೆ ಬಂತು.